ಬಾರದೆ ಹೋದ ಕೆಂಪು ಅಲೆ: 2022ರ ಅಮೆರಿಕದ ಮಧ್ಯಾವಧಿ ಚುನಾವಣೆಯ ಬಗ್ಗೆ ಒಂದು ಚರ್ಚೆ

ಪೀಚ್‌ನಾಡಿನವ (ಜಾರ್ಜಿಯಾ), 22 ನವೆಂಬರ್ 2022

ಮೊದಲು ಪದದ ಗೊಂದಲವೊಂದನ್ನು ಬಗೆಹರಿಸಿಕೊಳ್ಳೋಣ. ನಮ್ಮ ಕಡೆ ಮಧ್ಯಂತರ ಚುನಾವಣೆ ಎಂದರೆ ಸರ್ಕಾರ ಬಿದ್ದು, ಅವಧಿಗೆ ಮುಂಚೆಯೇ ಜನರ ಮುಂದೆ ಹೋಗುವುದು. ಅಮೆರಿಕದ್ದು ಹಾಗಲ್ಲ. ಅಧ್ಯಕ್ಷರ ನಾಲ್ಕು ವರ್ಷಗಳ ಅವಧಿಯ ನಟ್ಟನಡುವೆ, ಪಂಚಾಂಗದಲ್ಲಿ ಬರೆದಿಟ್ಟ ಹಬ್ಬದಂತೆ ತಪ್ಪದೆ ಬರುವ ಚುನಾವಣೆ ಇದು. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಎಲ್ಲ 435 ಸ್ಥಾನಗಳು, ಮೇಲ್ಮನೆಯಾದ ಸೆನೆಟ್ಟಿನ ಸುಮಾರು ಮೂರನೆಯ ಒಂದು ಭಾಗ ಹಾಗೂ ಈ ಸಲ 36 ರಾಜ್ಯಗಳ ಗವರ್ನರ್ ಹುದ್ದೆಗಳು ಒಟ್ಟಿಗೇ ಕಣಕ್ಕೆ ಬಿದ್ದಿದ್ದವು. ಅಧಿಕಾರದಲ್ಲಿರುವ ಅಧ್ಯಕ್ಷರ ಪಕ್ಷ ಇದರಲ್ಲಿ ಪೆಟ್ಟು ತಿನ್ನುವುದು ಹೆಚ್ಚುಕಡಿಮೆ ಸಂಪ್ರದಾಯವೇ ಆಗಿದೆ. ಪ್ರತಿನಿಧಿ ಸಭೆಯಲ್ಲಿ 1994ರಲ್ಲಿ ಕ್ಲಿಂಟನ್ ಪಕ್ಷ 54 ಸ್ಥಾನಗಳನ್ನು, 2010ರಲ್ಲಿ ಒಬಾಮ ಪಕ್ಷ 63 ಸ್ಥಾನಗಳನ್ನು, 2018ರಲ್ಲಿ ಟ್ರಂಪ್ ಪಕ್ಷ ಸುಮಾರು 40 ಸ್ಥಾನಗಳನ್ನು ಕಳೆದುಕೊಂಡವು.

ಈ ವರ್ಷ ರಿಪಬ್ಲಿಕನ್ ಪಕ್ಷಕ್ಕೆ ಎಲ್ಲವೂ ಅನುಕೂಲವಾಗಿಯೇ ಇತ್ತು. ಜೂನ್ ತಿಂಗಳಲ್ಲಿ ಹಣದುಬ್ಬರ ಶೇ 9.1ಕ್ಕೇರಿ ನಾಲ್ಕು ದಶಕಗಳಲ್ಲೇ ಅತಿ ಹೆಚ್ಚು ಎನಿಸಿತ್ತು, ಗ್ಯಾಲನ್ ಪೆಟ್ರೋಲಿಗೆ ಐದು ಡಾಲರ್ ತೆತ್ತ ನೋವು ಯಾರಿಗೂ ಮರೆತಿರಲಿಲ್ಲ, ಬೈಡನ್ ಅವರ ಕೆಲಸವನ್ನು ಮೆಚ್ಚುವವರಿಗಿಂತ ಮೆಚ್ಚದವರೇ ಹೆಚ್ಚಿದ್ದರು. ರಿಪಬ್ಲಿಕನ್ನರ ಬಣ್ಣ ಕೆಂಪು, ಆದ್ದರಿಂದ ಟಿ.ವಿ. ಪಂಡಿತರು ಕೆಂಪು ಅಲೆ ಎಂದರು, ಇನ್ನು ಕೆಲವರಿಗೆ ಅಲೆ ಸಾಲದೆ ಸುನಾಮಿ ಎಂದರು. ಕಡೆಗೆ ಪ್ರತಿನಿಧಿ ಸಭೆಯ ಬಹುಮತದ 218ನೆಯ ಸ್ಥಾನ ಖಚಿತವಾಗಲು ಮತದಾನದ ನಂತರ ಎಂಟು ದಿನ ಕಾಯಬೇಕಾಯಿತು. ಸೆನೆಟ್ ಬೈಡನ್ ಅವರ ಪಕ್ಷವಾದ ಡೆಮಾಕ್ರಟರ ಕೈಯಲ್ಲೇ ಉಳಿಯಿತು, ಅಷ್ಟೇ ಅಲ್ಲದೆ ಪೆನ್ಸಿಲ್ವೇನಿಯಾದ ಸ್ಥಾನವನ್ನು ಅವರು ರಿಪಬ್ಲಿಕನ್ನರಿಂದ ಕಿತ್ತುಕೊಂಡರು.

ನಮ್ಮ ಜಾರ್ಜಿಯಾದಲ್ಲಿ ಅಲೆ ಬಂದದ್ದು ಹೆಸರಿನಲ್ಲೇ ಕೆಂಪನ್ನು ಇಟ್ಟುಕೊಂಡ ಗವರ್ನರ್ ಬ್ರಯನ್ ಕೆಂಪ್ ಅವರೊಬ್ಬರಿಗೆ ಎನ್ನಬೇಕು. ಅವರು ಶೇ 53ಕ್ಕೂ ಹೆಚ್ಚು ಮತ ಪಡೆದು ಡೆಮಾಕ್ರಟ್ ಸ್ಟೇಸಿ ಏಬ್ರಮ್ಸ್ ಅವರನ್ನು ನಿರಾಯಾಸವಾಗಿ ಸೋಲಿಸಿದರು. ಅದೇ ದಿನ, ಅದೇ ಯಂತ್ರದಲ್ಲಿ, ಅದೇ ಪಕ್ಷದ ಸೆನೆಟ್ ಅಭ್ಯರ್ಥಿ ಹರ್ಷಲ್ ವಾಕರ್ ಅವರಿಗೆ ಸಿಕ್ಕಿದ್ದು ಶೇ 48.5 ಮಾತ್ರ. ಸುಮಾರು ಎರಡು ಲಕ್ಷ ಮತಗಳ ವ್ಯತ್ಯಾಸ. ಇಲ್ಲಿ ಪರದೆಯ ಮೇಲೆ ಬೆರಳೊತ್ತಿ ಆರಿಸಿದ ಮೇಲೆ ಯಂತ್ರವು ಕಾಗದವೊಂದನ್ನು ಮುದ್ರಿಸಿ ಕೊಡುತ್ತದೆ. ಅದರಲ್ಲಿ ಒಂದು ಕ್ಯೂಆರ್ ಕೋಡ್, ಜೊತೆಗೆ ನಾವು ಆರಿಸಿದ ಹೆಸರುಗಳ ಪಟ್ಟಿ ಇರುತ್ತದೆ. ಅದನ್ನೊಮ್ಮೆ ಓದಿ ಸ್ಕ್ಯಾನರಿಗೆ ಕೊಟ್ಟು, ಪೀಚ್ ಹಣ್ಣಿನ ಸ್ಟಿಕ್ಕರ್ ಅಂಗಿಗೆ ಅಂಟಿಸಿಕೊಂಡು ಹೊರಬರಬೇಕು. ಆ ಕಾಗದದ ಪಟ್ಟಿಯಲ್ಲಿ ಒಂದು ಸಾಲಿನಲ್ಲಿ ಕೆಂಪ್, ಇನ್ನೊಂದು ಸಾಲಿನಲ್ಲಿ ಡೆಮಾಕ್ರಟ್ ವಾರ್ನಾಕ್ ಎಂದಿದ್ದ ಜನ, ಅಥವಾ ಸೆನೆಟ್ ಸಾಲನ್ನು ಖಾಲಿ ಬಿಟ್ಟ ಜನ, ಈ ರಾಜ್ಯದ ತೀರ್ಪನ್ನು ಬರೆದರು. ನಮ್ಮ ಬೀದಿಯಲ್ಲೇ ಮೂರು ಮನೆಗಳ ಅಂಗಳದಲ್ಲಿ ಕೆಂಪ್ ಫಲಕವಿತ್ತು, ವಾಕರ್ ಫಲಕ ಇರಲಿಲ್ಲ. ಚಾರ್ಟಿನಲ್ಲಿ ನೋಡುವುದಕ್ಕೆ ಮುಂಚೆ ನಾನು ಫಲಿತಾಂಶವನ್ನು ನೋಡಿದ್ದು ಆ ಹುಲ್ಲಿನ ಮೇಲೆ.

ಧ್ರುವೀಕರಣ ಎಂದಾಗ ನಾವು ಮತದಾರರೆಲ್ಲ ಎರಡು ಬಣಗಳಲ್ಲಿ ಬೀಗ ಹಾಕಿಕೊಂಡು ಕುಳಿತಿದ್ದಾರೆ ಎಂದು ಭಾವಿಸುತ್ತೇವೆ. ಅದು ನೂರಕ್ಕೆ ತೊಂಬತ್ತೈದು ಪಾಲು ನಿಜ. ವಾಕರ್ ಅವರ ಖಾಸಗಿ ಬದುಕಿನ ಬಗ್ಗೆ ಪ್ರಚಾರದುದ್ದಕ್ಕೂ ಆರೋಪಗಳು ಬಂದವು, ಅವರು ಅಲ್ಲಗಳೆಯುತ್ತಲೇ ಹೋದರು. ಆದರೂ ಅವರಿಗೆ ಶೇ 48.5 ಬಂತು ಎಂದರೆ, ಪಕ್ಷದ ಗುರುತೊಂದೇ ಅವರನ್ನು ಅಲ್ಲಿಯವರೆಗೆ ಹೊತ್ತು ತಂದಿತು. ಉಳಿದ ಐದು ಪಾಲನ್ನು ಹೊತ್ತು ತರಲು ಅದಕ್ಕೆ ಶಕ್ತಿ ಇರಲಿಲ್ಲ. ಎರಡೂ ಕಡೆಯ ಗಟ್ಟಿ ಮತ ಸಮಸಮ ಇರುವಲ್ಲಿ ಆ ಐದು ಪಾಲೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಆದರೆ ಅಭ್ಯರ್ಥಿಯನ್ನು ಆರಿಸುವ ಕೆಲಸ ಮಾತ್ರ ಆ ತೊಂಬತ್ತೈದರಲ್ಲೂ ಅತಿ ಕಟ್ಟಾ ಆದವರ ಕೈಯಲ್ಲಿದೆ. ರಿಪಬ್ಲಿಕನ್ ಪಕ್ಷದ ಈ ನಿರಾಶೆಗೆ ಬೈಡನ್ ಕಾರಣರಲ್ಲ, ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಮೊದಲ ಸುತ್ತಾದ ಪ್ರೈಮರಿಯೇ ಕಾರಣ ಎಂಬುದು ನನ್ನ ವಾದ.

ಮರುಭೂಮಿ ಮಲ್ಲಿಗೆ (ಅರಿಜೋನಾ), 23 ನವೆಂಬರ್ 2022

ಪೀಚ್‌ನಾಡಿನವರೇ, ನಿಮ್ಮ ಬರಹದಲ್ಲಿ ಎಲ್ಲವೂ ಇದೆ, ಜೂನ್ 24 ಮಾತ್ರ ಇಲ್ಲ. ಅಂದು ಸುಪ್ರೀಂ ಕೋರ್ಟ್, 1973ರಿಂದ ಗರ್ಭಪಾತದ ಹಕ್ಕನ್ನು ಕಾಯ್ದುಕೊಂಡು ಬಂದಿದ್ದ ರೋ ತೀರ್ಪನ್ನು ರದ್ದುಪಡಿಸಿತು. ಹಣದುಬ್ಬರವನ್ನು ಪ್ರಸ್ತಾಪಿಸಿ ಇದನ್ನು ಬಿಟ್ಟರೆ ಅರ್ಧ ಲೆಕ್ಕವಷ್ಟೇ ಆಗುತ್ತದೆ. ಆಗಸ್ಟ್ ತಿಂಗಳಲ್ಲಿ ಕಟ್ಟಾ ರಿಪಬ್ಲಿಕನ್ ರಾಜ್ಯವಾದ ಕಾನ್ಸಸ್‌ನಲ್ಲಿ, ಗರ್ಭಪಾತದ ಹಕ್ಕನ್ನು ರಾಜ್ಯ ಸಂವಿಧಾನದಿಂದ ತೆಗೆದುಹಾಕುವ ತಿದ್ದುಪಡಿಯನ್ನು ಶೇ 59ರಷ್ಟು ಜನ ತಿರಸ್ಕರಿಸಿದರು. ನವೆಂಬರಿನಲ್ಲಿ ಕೆಂಟಕಿಯಲ್ಲೂ ಅಂಥದೇ ತಿದ್ದುಪಡಿ ಬಿದ್ದುಹೋಯಿತು. ನಮ್ಮ ಅರಿಜೋನಾದಲ್ಲಿ ಸೆಪ್ಟೆಂಬರಿನಲ್ಲಿ ನ್ಯಾಯಾಧೀಶರೊಬ್ಬರು 1864ರ ಕಾನೂನನ್ನು ಮತ್ತೆ ಜಾರಿ ಮಾಡಬಹುದೆಂದರು, ಅಕ್ಟೋಬರಿನಲ್ಲಿ ಮೇಲಿನ ನ್ಯಾಯಾಲಯ ಅದಕ್ಕೆ ತಡೆ ನೀಡಿತು. 1864ರಲ್ಲಿ ಅರಿಜೋನಾ ಒಂದು ರಾಜ್ಯವೇ ಆಗಿರಲಿಲ್ಲ! ನನಗೆ ಇಬ್ಬರು ಹೆಣ್ಣುಮಕ್ಕಳು. ಆ ಎರಡು ತಿಂಗಳು ಅಡುಗೆಮನೆಯಲ್ಲಿ ಪೆಟ್ರೋಲ್ ಬೆಲೆಯ ಮಾತು ಬಂದಷ್ಟೇ ಇದರ ಮಾತೂ ಬಂದಿದೆ.

ಅಭ್ಯರ್ಥಿಯ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ, ಏಕೆಂದರೆ ನಮ್ಮ ರಾಜ್ಯದ ರಿಪಬ್ಲಿಕನ್ ಗವರ್ನರ್ ಅಭ್ಯರ್ಥಿ ಕ್ಯಾರಿ ಲೇಕ್ ಅದಕ್ಕೆ ಪಠ್ಯಪುಸ್ತಕದ ಉದಾಹರಣೆ. ದಶಕಗಳ ಕಾಲ ಟಿ.ವಿ.ಯಲ್ಲಿ ಸುದ್ದಿ ಓದಿ ಮನೆಮಾತಾಗಿದ್ದವರು, ಮಾತಿನಲ್ಲಿ ಜಾಣೆ. ಆದರೆ ಟ್ರಂಪ್ ಸೋತ 2020ರ ಅಧ್ಯಕ್ಷರ ಚುನಾವಣೆಯೇ ಮೋಸ ಎಂಬುದನ್ನು ಪ್ರಚಾರದ ಬೆನ್ನೆಲುಬು ಮಾಡಿಕೊಂಡರು. ಮತದಾನಕ್ಕೆ ಇನ್ನೇನು ಕೆಲವೇ ದಿನ ಇರುವಾಗ, ತಮ್ಮ ಸಭೆಯಲ್ಲಿ ಮೆಕೇನ್ ಮಾದರಿಯ ರಿಪಬ್ಲಿಕನ್ನರು ಯಾರಾದರೂ ಇದ್ದರೆ ಎದ್ದು ಹೊರಗೆ ಹೋಗಲಿ ಎಂದುಬಿಟ್ಟರು. ಜಾನ್ ಮೆಕೇನ್ ಮೂರು ದಶಕಗಳಿಗೂ ಹೆಚ್ಚು ಕಾಲ ಈ ರಾಜ್ಯದ ಸೆನೆಟರ್ ಆಗಿದ್ದವರು. ನಮ್ಮ ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಪ್ರತಿ ಸಲವೂ ಮೆಕೇನ್ ಅವರಿಗೆ ಮತ ಹಾಕಿದವರು. ಲೇಕ್ ಸುಮಾರು 17,000 ಮತಗಳಿಂದ ಸೋತಿದ್ದಾರೆ. ಎದ್ದು ಹೋಗಿ ಎಂದದ್ದಕ್ಕೆ ನಿಜವಾಗಿಯೂ ಎದ್ದು ಹೋದವರು ಅದಕ್ಕಿಂತ ಹೆಚ್ಚಿರಬೇಕು ಎಂಬುದು ನನ್ನ ಊಹೆ.

ಮತ ಎಣಿಕೆಗೆ ಒಂದು ವಾರ ಹಿಡಿದದ್ದಕ್ಕೆ ಊರಿನಿಂದ ಬಂಧುಗಳು ಫೋನು ಮಾಡಿ, ನಿಮ್ಮಲ್ಲಿ ಇವಿಎಂ ಇಲ್ಲವೇ ಎಂದು ತಮಾಷೆ ಮಾಡುತ್ತಿದ್ದಾರೆ. ಅಂಚೆ ಮತದ ಲಕೋಟೆಗಳನ್ನು ಜನ ಮತದಾನದ ದಿನವೇ ತಂದು ಪೆಟ್ಟಿಗೆಗೆ ಹಾಕುತ್ತಾರೆ. ನಮ್ಮ ಮ್ಯಾರಿಕೋಪಾ ಕೌಂಟಿಯಲ್ಲಿ ಈ ಸಲ ಅಂಥವೇ ಸುಮಾರು 2,90,000 ಬಂದವು, ಪ್ರತಿಯೊಂದರ ಮೇಲಿನ ಸಹಿಯನ್ನೂ ದಾಖಲೆಯ ಸಹಿಯೊಂದಿಗೆ ತಾಳೆ ನೋಡಬೇಕು. ಸಾಲದ್ದಕ್ಕೆ ಅಂದು 223 ಮತಗಟ್ಟೆಗಳಲ್ಲಿ 60ಕ್ಕೂ ಹೆಚ್ಚು ಕಡೆ ಪ್ರಿಂಟರಿನ ಶಾಯಿ ತೆಳುವಾಗಿ, ಎಣಿಸುವ ಯಂತ್ರಗಳು ಮತಪತ್ರಗಳನ್ನು ಹಿಂದಕ್ಕೆ ಉಗುಳುತ್ತಿದ್ದವು. ಯಂತ್ರದ ಕೆಳಗಿನ ಬೇರೆ ಪೆಟ್ಟಿಗೆಗೆ ಹಾಕಿ, ಆಮೇಲೆ ಕೇಂದ್ರದಲ್ಲಿ ಎಣಿಸುತ್ತೇವೆ ಎಂದು ಸಿಬ್ಬಂದಿ ಹೇಳಿದರೂ ಹಲವರು ನಂಬದೆ, ಕಾಗದ ಹಿಡಿದು ಗಂಟೆಗಟ್ಟಲೆ ನಿಂತರು. ಎರಡು ವರ್ಷದಿಂದ ಯಾರು ಏನನ್ನು ನಂಬಬಾರದೆಂದು ಹೇಳಿಕೊಡುತ್ತಾ ಬಂದರೋ, ಅದರ ಫಲವನ್ನು ಅವರ ಮತದಾರರೇ ಆ ಸರತಿಯಲ್ಲಿ ಉಂಡರು.

ಲಾಂಗ್ ಐಲ್ಯಾಂಡ್ ಲೆಕ್ಕಿಗ (ನ್ಯೂಯಾರ್ಕ್), 26 ನವೆಂಬರ್ 2022

ಇಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುವವನು ನಾನೊಬ್ಬನೇ ಇರಬಹುದು, ಆದ್ದರಿಂದ ನನ್ನ ಪಕ್ಷದ ಲೆಕ್ಕವನ್ನೂ ಮುಂದಿಡುತ್ತೇನೆ. ದೇಶದಾದ್ಯಂತ ಪ್ರತಿನಿಧಿ ಸಭೆಗೆ ಬಿದ್ದ ಒಟ್ಟು ಮತಗಳಲ್ಲಿ ನಾವು ಸುಮಾರು ಮೂರು ಶೇಕಡದಷ್ಟು ಮುಂದಿದ್ದೇವೆ. ಸೋತ ಪಕ್ಷಕ್ಕೆ ಹೀಗೆ ಮತ ಬರುವುದಿಲ್ಲ. ಫ್ಲಾರಿಡಾದಲ್ಲಿ ನಮ್ಮ ಗವರ್ನರ್ ಡಿಸ್ಯಾಂಟಿಸ್ 19 ಶೇಕಡಾಂಶಗಳ ಅಂತರದಿಂದ ಗೆದ್ದರು, ಡೆಮಾಕ್ರಟರ ಕೋಟೆಯಾಗಿದ್ದ ಮಯಾಮಿ-ಡೇಡ್ ಕೌಂಟಿಯೂ ಅವರದಾಯಿತು. ನ್ಯೂಯಾರ್ಕಿನಲ್ಲಿ, 2020ರಲ್ಲಿ ಬೈಡನ್ 23 ಅಂಶಗಳಿಂದ ಗೆದ್ದ ಇದೇ ರಾಜ್ಯದಲ್ಲಿ, ನಮ್ಮ ಲೀ ಜೆಲ್ಡಿನ್ ಗವರ್ನರ್ ಚುನಾವಣೆಯಲ್ಲಿ ಸುಮಾರು ಆರು ಅಂಶಗಳ ಅಂತರಕ್ಕೆ ಬಂದು ನಿಂತರು. ಲಾಂಗ್ ಐಲ್ಯಾಂಡಿನ ನಾಲ್ಕೂ ಕ್ಷೇತ್ರಗಳು ನಮ್ಮವಾದವು. ಪ್ರತಿನಿಧಿ ಸಭೆಗೆ ಡೆಮಾಕ್ರಟರನ್ನು ಗೆಲ್ಲಿಸುವ ಸಮಿತಿಯ ಅಧ್ಯಕ್ಷ ಶಾನ್ ಪ್ಯಾಟ್ರಿಕ್ ಮಲೋನಿ ಅವರೇ ತಮ್ಮ ಕ್ಷೇತ್ರದಲ್ಲಿ ಸೋತರು.

ಅಲೆ ಬರಲಿಲ್ಲ ಎನ್ನುವುದಕ್ಕಿಂತ, ಕೆಲವು ದಡಗಳಿಗೆ ಬಂತು, ಕೆಲವು ದಡಗಳಿಗೆ ಬರಲಿಲ್ಲ ಎನ್ನುವುದು ಸರಿ. ಇಲ್ಲಿ ರೈಲು ನಿಲ್ದಾಣದ ಸುರಕ್ಷತೆ, ಜಾಮೀನು ಕಾನೂನು, ಶಾಲೆ, ಆಸ್ತಿ ತೆರಿಗೆ, ಇವೇ ಮಾತಾಗಿದ್ದವು. ಮಾತು ಅಲ್ಲಿದ್ದಾಗ ನಾವು ಗೆದ್ದೆವು. ಮಾತು 2020ಕ್ಕೆ ಹೋದಲ್ಲಿ ಸೋತೆವು. ಇದನ್ನು ಅಭ್ಯರ್ಥಿಯ ಗುಣ ಎನ್ನುತ್ತೀರೋ, ವಿಷಯದ ಆಯ್ಕೆ ಎನ್ನುತ್ತೀರೋ ನಿಮಗೆ ಬಿಟ್ಟದ್ದು. ಜೊತೆಗೆ, ನಿರೀಕ್ಷೆಯನ್ನು ಆಕಾಶಕ್ಕೆ ಏರಿಸಿದವರು ಟಿ.ವಿ.ಯವರು. ಅವರು ಎಳೆದ ಗೆರೆಯನ್ನು ನಾವು ಮುಟ್ಟಲಿಲ್ಲವೆಂದು ನಮ್ಮನ್ನು ಫೇಲು ಮಾಡುವುದು ಯಾವ ನ್ಯಾಯ?

ಹಳೆಯ ಹುಣಸೆಮರ (ಮೈಸೂರು), 27 ನವೆಂಬರ್ 2022

ಎಲ್ಲರ ಬರಹಗಳನ್ನೂ ಆಸಕ್ತಿಯಿಂದ ಓದಿದೆ. ನಾಲ್ಕು ದಶಕ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಹೇಳಿದವನಿಗೆ ಒಂದು ಮೂಲಭೂತ ಸಂಶಯ ಉಳಿದಿದೆ. ಸೋಲುತ್ತಾರೆಂದು ಪಕ್ಷದ ಹಿರಿಯರಿಗೆ ಮೊದಲೇ ತಿಳಿದಿತ್ತಲ್ಲವೆ? ಸೆನೆಟ್ಟಿನ ರಿಪಬ್ಲಿಕನ್ ನಾಯಕ ಮೆಕಾನೆಲ್ ಆಗಸ್ಟ್ ತಿಂಗಳಲ್ಲೇ ಅಭ್ಯರ್ಥಿಗಳ ಗುಣಮಟ್ಟದ ಬಗ್ಗೆ ಬಹಿರಂಗವಾಗಿ ಕೊರಗಿದ್ದನ್ನು ಪತ್ರಿಕೆಯಲ್ಲಿ ಓದಿದ ನೆನಪಿದೆ. ನಮ್ಮಲ್ಲಾದರೆ ಹೈಕಮಾಂಡ್ ಸಮೀಕ್ಷೆ ಮಾಡಿಸಿ, ಗೆಲ್ಲುವ ಕುದುರೆಗೆ ಬಿ ಫಾರಂ ಕೊಡುತ್ತದೆ. ಸಿಗದವನು ಬಂಡಾಯವೆದ್ದು ಪಕ್ಷೇತರನಾಗಿ ನಿಲ್ಲುತ್ತಾನೆ, ಇಲ್ಲವೇ ರಾತ್ರೋರಾತ್ರಿ ಇನ್ನೊಂದು ಪಕ್ಷ ಸೇರುತ್ತಾನೆ. ಈ ಪದ್ಧತಿಯನ್ನು ನಾನು ಹೊಗಳುತ್ತಿಲ್ಲ. ಆದರೆ ಅಷ್ಟು ದೊಡ್ಡ ಪಕ್ಷವೊಂದು ತನ್ನ ಟಿಕೆಟ್ಟಿನ ಮೇಲೆ ತನಗೇ ಹಿಡಿತವಿಲ್ಲದೆ ಹೇಗೆ ನಡೆಯುತ್ತದೆ?

ಐದುಸರೋವರ (ಮಿಷಿಗನ್), 29 ನವೆಂಬರ್ 2022

ಹುಣಸೆಮರದ ಹಿರಿಯರೇ, ತಮ್ಮ ಪ್ರಶ್ನೆಗೆ ನಮ್ಮ ರಾಜ್ಯದಿಂದಲೇ ಉತ್ತರಿಸಲು ಪ್ರಯತ್ನಿಸುತ್ತೇನೆ. ಇಲ್ಲಿ ಟಿಕೆಟ್ ಕೊಡುವವರು ಮತದಾರರು. ಪ್ರೈಮರಿ ಎಂಬ ಮೊದಲ ಸುತ್ತಿನಲ್ಲಿ ಒಂದೇ ಪಕ್ಷದ ಆಕಾಂಕ್ಷಿಗಳು ಪರಸ್ಪರ ಸ್ಪರ್ಧಿಸುತ್ತಾರೆ, ಅಲ್ಲಿ ಗೆದ್ದವರಿಗೆ ಪಕ್ಷದ ಹೆಸರು ಸಿಗುತ್ತದೆ. ಪಕ್ಷದ ಅಧ್ಯಕ್ಷರು ಕೈ ಹಿಸುಕಿಕೊಳ್ಳಬಹುದು, ಹಣ ಕೊಡದೆ ಸುಮ್ಮನಿರಬಹುದು, ಟಿಕೆಟ್ ಕಿತ್ತುಕೊಳ್ಳಲು ಮಾತ್ರ ಬರುವುದಿಲ್ಲ. ನಮ್ಮಲ್ಲಿ ಆಗಸ್ಟಿನ ಬೇಸಿಗೆ ರಜೆಯ ನಡುವೆ ನಡೆಯುವ ಈ ಸುತ್ತಿಗೆ ಬರುವವರು ಸ್ವಲ್ಪವೇ ಜನ, ಬಂದವರು ರಾಜಕೀಯವನ್ನೇ ಉಸಿರಾಡುವವರು. ಎಷ್ಟು ಕಡಿಮೆ ಮತಗಳಲ್ಲಿ ಟಿಕೆಟ್ ತೀರ್ಮಾನವಾಗುತ್ತದೆ ಎಂಬುದಕ್ಕೆ ಪೆನ್ಸಿಲ್ವೇನಿಯಾವನ್ನು ನೋಡಿ. ಟಿ.ವಿ. ವೈದ್ಯ ಮೆಹ್ಮೆತ್ ಓಜ್ ಅಲ್ಲಿನ ರಿಪಬ್ಲಿಕನ್ ಸೆನೆಟ್ ಪ್ರೈಮರಿಯನ್ನು ಮರುಎಣಿಕೆಯ ನಂತರ ಗೆದ್ದದ್ದು 951 ಮತಗಳಿಂದ. ನವೆಂಬರಿನಲ್ಲಿ, ಪಾರ್ಶ್ವವಾಯುವಿನಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದ ಡೆಮಾಕ್ರಟ್ ಫೆಟರ್‌ಮನ್ ಅವರೆದುರು ಸೋತರು.

ಬೆಳಗಾವಿಯ ನಂಟಿನಿಂದ ನಮ್ಮವರೆನ್ನಿಸುವ ಶ್ರೀ ಥಾಣೇದಾರ್ ಈ ಸಲ ಡೆಟ್ರಾಯಿಟ್ ಭಾಗದ 13ನೆಯ ಕ್ಷೇತ್ರದಿಂದ ಡೆಮಾಕ್ರಟ್ ಆಗಿ ಗೆದ್ದಿರುವುದು ಎಲ್ಲರಿಗೂ ಗೊತ್ತು. ಆದರೆ ಅವರು ನಿಜವಾಗಿ ಗೆದ್ದದ್ದು ನವೆಂಬರಿನಲ್ಲಲ್ಲ, ಆಗಸ್ಟಿನ ಪ್ರೈಮರಿಯಲ್ಲಿ, ಅದೂ ಕಿಕ್ಕಿರಿದ ಕಣದಲ್ಲಿ ಸುಮಾರು ಶೇ 28 ಮತ ಪಡೆದು. ಅಲ್ಲಿ ಡೆಮಾಕ್ರಟ್ ಆದವರಿಗೆ ನವೆಂಬರ್ ಬರೀ ಔಪಚಾರಿಕ. ಇದು ಸುರಕ್ಷಿತ ಕ್ಷೇತ್ರಗಳ ಕಥೆ. ಎರಡೂ ಪಕ್ಷಗಳಿಗೆ ಇಂಥವು ನೂರಾರು ಇವೆ, ಅವುಗಳಲ್ಲಿ ಆಯ್ಕೆಯಾದವರು ಎದುರಾಳಿ ಪಕ್ಷಕ್ಕೆ ಹೆದರುವುದಿಲ್ಲ, ತಮ್ಮದೇ ಪಕ್ಷದ ಮುಂದಿನ ಪ್ರೈಮರಿಗೆ ಹೆದರುತ್ತಾರೆ.

ಈಗ ನಮ್ಮ ಪಶ್ಚಿಮ ಮಿಷಿಗನ್ನಿನ ಮೂರನೆಯ ಕ್ಷೇತ್ರ. ಪೀಟರ್ ಮೇಯರ್ ಎಂಬ ಯುವ ರಿಪಬ್ಲಿಕನ್, 2021ರ ಜನವರಿ 6ರಂದು ಟ್ರಂಪ್ ಬೆಂಬಲಿಗರು ಸಂಸತ್ ಭವನದ ಮೇಲೆ ನಡೆಸಿದ ದಾಳಿಯ ನಂತರ ಟ್ರಂಪ್ ಅವರ ವಾಗ್ದಂಡನೆಗೆ ಮತ ಹಾಕಿದ ಹತ್ತು ರಿಪಬ್ಲಿಕನ್ನರಲ್ಲಿ ಒಬ್ಬರು. ಪ್ರೈಮರಿಯಲ್ಲಿ ಅವರ ಎದುರು ಟ್ರಂಪ್ ಬೆಂಬಲಿತ ಜಾನ್ ಗಿಬ್ಸ್ ನಿಂತರು, ಕೈಯಲ್ಲಿ ಹಣವಿರಲಿಲ್ಲ. ಆಗ ಟಿ.ವಿ.ಯಲ್ಲಿ ಒಂದು ಜಾಹೀರಾತು ಬರತೊಡಗಿತು. ಗಿಬ್ಸ್ ಪಶ್ಚಿಮ ಮಿಷಿಗನ್ನಿಗೆ ಅತಿಯಾದ ಸಂಪ್ರದಾಯವಾದಿ, ಟ್ರಂಪ್ ತಾವೇ ಆರಿಸಿದ ಅಭ್ಯರ್ಥಿ ಎಂದು ಅದು ಬೈಯುವ ಧಾಟಿಯಲ್ಲಿ ಹೇಳುತ್ತಿತ್ತು. ರಿಪಬ್ಲಿಕನ್ ಪ್ರೈಮರಿ ಮತದಾರನ ಕಿವಿಗೆ ಅದು ಬೈಗುಳವಾಗಿ ಕೇಳುವುದೇ? ಹೊಗಳಿಕೆಯಾಗಿ ಕೇಳಿತು. ಜಾಹೀರಾತಿಗೆ 4 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿದ್ದು ಡೆಮಾಕ್ರಟರ ಸಮಿತಿ, ಮಲೋನಿ ಅವರು ಅಧ್ಯಕ್ಷರಾಗಿದ್ದ ಅದೇ ಸಮಿತಿ! ಮೇಯರ್ ಸೋತರು, ಗಿಬ್ಸ್ ಗೆದ್ದರು, ನವೆಂಬರಿನಲ್ಲಿ ಡೆಮಾಕ್ರಟ್ ಹಿಲರಿ ಸ್ಕಾಲ್ಟನ್ ಗಿಬ್ಸ್ ಅವರನ್ನು ಸುಲಭವಾಗಿ ಸೋಲಿಸಿದರು. ಪೆನ್ಸಿಲ್ವೇನಿಯಾದ ಮಾಸ್ಟ್ರಿಯಾನೋ, ಮೇರಿಲ್ಯಾಂಡಿನ ಡ್ಯಾನ್ ಕಾಕ್ಸ್, ನ್ಯೂಹ್ಯಾಂಪ್‌ಶೈರಿನ ಬೋಲ್ಡಕ್ ಅವರ ಪ್ರೈಮರಿಗಳಲ್ಲೂ ಇದೇ ಆಟ ನಡೆಯಿತು, ನವೆಂಬರಿನಲ್ಲಿ ಎಲ್ಲರೂ ಸೋತರು. ವಾಗ್ದಂಡನೆಗೆ ಮತ ಹಾಕಿದ ಹತ್ತು ಜನರಲ್ಲಿ ಮತ್ತೆ ಸಭೆಗೆ ಬಂದವರು ಇಬ್ಬರೇ.

ನಾನು ಡೆಮಾಕ್ರಟರಿಗೇ ಮತ ಹಾಕಿದವನು. ಆದರೂ ಆ ಜಾಹೀರಾತನ್ನು ನೋಡಿದಾಗ ನನಗೆ ನಾಚಿಕೆಯಾಯಿತು. ಪ್ರಜಾಪ್ರಭುತ್ವ ಅಪಾಯದಲ್ಲಿದೆ ಎಂದು ನಮ್ಮಿಂದ ದೇಣಿಗೆ ಕೇಳುವ ಪಕ್ಷ, ಆ ಅಪಾಯದ ಪರವಾಗಿಯೇ ಹಣ ಹೂಡಿ, ಅದಕ್ಕೆ ಎದುರು ನಿಂತ ಮನುಷ್ಯನನ್ನು ಮನೆಗೆ ಕಳಿಸಿತು.

ಗರ್ಭಪಾತದ ವಿಷಯದಲ್ಲಿ ಮಲ್ಲಿಗೆಯವರ ಮಾತು ಸರಿ. ನಮ್ಮಲ್ಲಿ ಆ ಹಕ್ಕನ್ನು ರಾಜ್ಯ ಸಂವಿಧಾನದಲ್ಲಿ ಸೇರಿಸುವ ಮೂರನೆಯ ಪ್ರಸ್ತಾವ ಸುಮಾರು ಶೇ 57 ಮತಗಳಿಂದ ಅಂಗೀಕಾರವಾಯಿತು, ಡೆಮಾಕ್ರಟ್ ಗವರ್ನರ್ ವಿಟ್ಮರ್ 10 ಅಂಶಗಳಿಗೂ ಹೆಚ್ಚು ಅಂತರದಿಂದ ಗೆದ್ದರು. ಇದಕ್ಕೆ ಇನ್ನೊಂದು ಕಾರಣವನ್ನು ಸೇರಿಸಬೇಕು. 2018ರಲ್ಲಿ ಮತದಾರರೇ ತೀರ್ಮಾನಿಸಿ, ಕ್ಷೇತ್ರಗಳ ಗಡಿ ಎಳೆಯುವ ಕೆಲಸವನ್ನು ಶಾಸಕರಿಂದ ಕಿತ್ತು ಸ್ವತಂತ್ರ ನಾಗರಿಕ ಆಯೋಗಕ್ಕೆ ಕೊಟ್ಟಿದ್ದರು. ಆ ಹೊಸ ನಕ್ಷೆಯಲ್ಲಿ ನಡೆದ ಮೊದಲ ಚುನಾವಣೆಯಲ್ಲೇ ಸುಮಾರು ನಲವತ್ತು ವರ್ಷಗಳ ನಂತರ ರಾಜ್ಯದ ಎರಡೂ ಸದನಗಳು ಡೆಮಾಕ್ರಟರ ಪಾಲಾದವು.

ಹಳೆಯ ಹುಣಸೆಮರ (ಮೈಸೂರು), 30 ನವೆಂಬರ್ 2022

ಸರೋವರದವರಿಗೆ ಧನ್ಯವಾದ. ಎದುರಾಳಿಯ ಮನೆಯೊಳಗೆ ಕೈಹಾಕುವ ಕಲೆ ನಮಗೂ ಹೊಸದಲ್ಲ. 2019ರಲ್ಲಿ ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಪಕ್ಷೇತರರಾಗಿ ನಿಂತಿದ್ದ ಸುಮಲತಾ ಅಂಬರೀಶ್ ಅವರ ಜೊತೆಗೆ ಇನ್ನೂ ಮೂವರು ಸುಮಲತಾ ಕಣದಲ್ಲಿದ್ದರು. ಮತದಾರರು ಸರಿಯಾದ ಸುಮಲತಾ ಅವರನ್ನೇ ಹುಡುಕಿ ಗೆಲ್ಲಿಸಿದರು. ಆದರೆ ನಮ್ಮ ಡಮ್ಮಿ ಅಭ್ಯರ್ಥಿ ಕೆಲವು ಸಾವಿರ ಮತ ಚದುರಿಸಿ ಊರಿಗೆ ಮರಳುತ್ತಾನೆ. ಗಿಬ್ಸ್ ಅಂಥವರು ಗೆದ್ದೇಬಿಟ್ಟರೆ ಏನಾಗುತ್ತಿತ್ತು ಎಂಬುದನ್ನು ಆ ಸಮಿತಿಯವರು ಯೋಚಿಸಿದ್ದರೇ?

ಪೀಚ್‌ನಾಡಿನವ (ಜಾರ್ಜಿಯಾ), 7 ಡಿಸೆಂಬರ್ 2022

ನಮ್ಮ ಸೆನೆಟ್ ಸ್ಥಾನಕ್ಕೆ ನಿನ್ನೆ ನಡೆದ ಮರುಸುತ್ತಿನಲ್ಲಿ ವಾರ್ನಾಕ್ ಗೆದ್ದರು, ಅಂತರ ಒಂದು ಲಕ್ಷಕ್ಕೆ ತುಸು ಕಡಿಮೆ. ಸೆನೆಟ್ ಡೆಮಾಕ್ರಟರಿಗೆ 51-49. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮರುಸುತ್ತು ಎಂಬುದು ನಮ್ಮ ರಾಜ್ಯದ ನಿಯಮ. ನವೆಂಬರಿನಲ್ಲಿ ಕೆಂಪ್ ಅವರಿಗಾಗಿ ಮತಗಟ್ಟೆಗೆ ಬಂದು, ಬಂದದ್ದಕ್ಕೆ ವಾಕರ್ ಅವರಿಗೂ ಒಂದು ಒತ್ತಿದವರು ಈ ಸಲ ಮನೆಯಲ್ಲೇ ಉಳಿದರು ಎಂದು ನನಗೆ ತೋರುತ್ತದೆ. 2020ರ ಫಲಿತಾಂಶವನ್ನು ತಿರುವಿಹಾಕಲು ಒಪ್ಪದ ಕಾರಣಕ್ಕೆ ಟ್ರಂಪ್ ಈ ವರ್ಷ ಕೆಂಪ್ ಅವರ ವಿರುದ್ಧ ಪ್ರೈಮರಿಯಲ್ಲಿ ಎದುರಾಳಿಯನ್ನು ನಿಲ್ಲಿಸಿದ್ದರು, ಕೆಂಪ್ ಅದನ್ನು ಶೇ 70ಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ಅಂದರೆ ಕಟ್ಟಾ ಮತದಾರರೂ ಸದಾ ಒಂದೇ ತಾಳಕ್ಕೆ ಕುಣಿಯುವುದಿಲ್ಲ. ನನ್ನ ಮೊದಲ ಬರಹದಲ್ಲಿ ಪ್ರೈಮರಿಯನ್ನೇ ಅಪರಾಧಿ ಮಾಡಿದ್ದೆ, ಅಷ್ಟು ಸರಳವಾಗಿ ಹೇಳಬಾರದಿತ್ತು.

ಮರುಭೂಮಿ ಮಲ್ಲಿಗೆ (ಅರಿಜೋನಾ), 21 ಡಿಸೆಂಬರ್ 2022

ಲೆಕ್ಕಿಗರೇ, ಲಾಂಗ್ ಐಲ್ಯಾಂಡಿನ ನಾಲ್ಕೂ ಕ್ಷೇತ್ರಗಳು ನಮ್ಮವೆಂದು ತಾವು ಬರೆದಿದ್ದಿರಿ. ಅವುಗಳಲ್ಲಿ ಒಂದರಿಂದ ಗೆದ್ದ ಜಾರ್ಜ್ ಸ್ಯಾಂಟೋಸ್ ಅವರು ಓದಿದೆನೆಂದ ಕಾಲೇಜಿನಲ್ಲಿ ಓದಿರಲಿಲ್ಲ, ದುಡಿದೆನೆಂದ ಕಂಪನಿಗಳಲ್ಲಿ ದುಡಿದಿರಲಿಲ್ಲ ಎಂದು ಈ ವಾರದ ಪತ್ರಿಕೆಗಳು ಬರೆದಿವೆ. ವಿಷಯದ ಆಯ್ಕೆಯೋ, ಅಭ್ಯರ್ಥಿಯ ಗುಣವೋ ಎಂಬ ತಮ್ಮ ಪ್ರಶ್ನೆಗೆ ತಾವೇ ಉತ್ತರಿಸಬೇಕಾಗಿ ವಿನಂತಿ.

ಲಾಂಗ್ ಐಲ್ಯಾಂಡ್ ಲೆಕ್ಕಿಗ (ನ್ಯೂಯಾರ್ಕ್), 22 ಡಿಸೆಂಬರ್ 2022

ಮೇಡಂ, ಏಟು ಸರಿಯಾದ ಜಾಗಕ್ಕೇ ಬಿದ್ದಿದೆ. ಅವರ ಭಿತ್ತಿಪತ್ರ ನಮ್ಮ ಅಂಚೆಪೆಟ್ಟಿಗೆಗೂ ಬಂದಿತ್ತು, ನಾನು ಪಕ್ಷದ ಗುರುತು ನೋಡಿ ಹೆಸರನ್ನು ಸರಿಯಾಗಿ ಓದದೆಯೇ ಪಕ್ಕಕ್ಕಿಟ್ಟೆ. ಲೆಕ್ಕಿಗ ಎಂದು ಹೆಸರಿಟ್ಟುಕೊಂಡು, ಬಯೋಡೇಟಾವನ್ನು ಒಮ್ಮೆಯೂ ತಾಳೆ ನೋಡಲಿಲ್ಲ. ಪೀಚ್‌ನಾಡಿನವರು ಹೇಳಿದ ತೊಂಬತ್ತೈದರಲ್ಲಿ ನಾನೂ ಒಬ್ಬ ಎಂದು ಬರೆದುಕೊಳ್ಳಿ. ಆದರೆ ಗರ್ಭಪಾತವಾಗಲಿ, 2020ರ ಜಗಳವಾಗಲಿ ನಮ್ಮ ಭಾಗದಲ್ಲಿ ಚುನಾವಣೆಯ ಮಾತಾಗಲಿಲ್ಲ ಎಂಬುದನ್ನು ಹಿಂತೆಗೆದುಕೊಳ್ಳುವುದಿಲ್ಲ.

ಹಳೆಯ ಹುಣಸೆಮರ (ಮೈಸೂರು), 8 ಜನವರಿ 2023

ಕಳೆದ ನಾಲ್ಕು ರಾತ್ರಿ ನಿದ್ದೆ ಬಿಟ್ಟು ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ಚುನಾವಣೆಯನ್ನು ನೋಡಿದೆ, ಮನೆಯವರಿಗೆ ನನ್ನ ಬುದ್ಧಿಯ ಬಗ್ಗೆ ಅನುಮಾನ ಬಂದಿದೆ. ರಿಪಬ್ಲಿಕನ್ನರ ಅಂತಿಮ ಸಂಖ್ಯೆ 222, ಬೇಕಾದದ್ದು 218. ಅಷ್ಟು ತೆಳುವಾದ ಬಹುಮತದಲ್ಲಿ ಸುಮಾರು ಇಪ್ಪತ್ತು ಜನ ತಿರುಗಿ ಬಿದ್ದರು, ಅವರ ನಾಯಕ ಕೆವಿನ್ ಮೆಕಾರ್ತಿ ಹದಿನೈದನೆಯ ಸುತ್ತಿನಲ್ಲಿ ಗೆದ್ದರು. ಮೊದಲ ಸುತ್ತಿನಲ್ಲೇ ಸ್ಪೀಕರ್ ಆಯ್ಕೆಯಾಗದೆ ಇರುವುದು 1923ರ ನಂತರ ಇದೇ ಮೊದಲಂತೆ. ನಮ್ಮಲ್ಲಿ ಇದು ನಡೆಯುವಂತಿಲ್ಲ. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ವಿಪ್ ಉಲ್ಲಂಘಿಸಿದ ಸದಸ್ಯನ ಸ್ಥಾನವೇ ಹೋಗುತ್ತದೆ. ಅದಕ್ಕೇ ನಮ್ಮವರು ಸದನದಲ್ಲಿ ತಿರುಗಿ ಬೀಳುವುದಿಲ್ಲ, ರಾಜೀನಾಮೆ ಕೊಟ್ಟು ರೆಸಾರ್ಟಿಗೆ ಹೋಗುತ್ತಾರೆ. ಅಲ್ಲಿ ಬಂಡಾಯವೆಲ್ಲ ಕ್ಯಾಮೆರಾದ ಮುಂದೆ, ಹೆಸರು ಕೂಗಿ, ಒಬ್ಬೊಬ್ಬರಾಗಿ ನಡೆಯಿತು. ಯಾವುದು ಮೇಲೆಂದು ಈ ವಯಸ್ಸಿನಲ್ಲೂ ನನಗೆ ತೀರ್ಮಾನವಾಗಿಲ್ಲ.

ಐದುಸರೋವರ (ಮಿಷಿಗನ್), 20 ಫೆಬ್ರುವರಿ 2023

ಒಂದು ಸುದ್ದಿಯನ್ನು ದಾಖಲಿಸುತ್ತೇನೆ. ನವೆಂಬರಿನಲ್ಲಿ ನಮ್ಮ ರಾಜ್ಯದ ಚುನಾವಣೆಗಳನ್ನು ನಡೆಸುವ ಹುದ್ದೆಗೆ ನಿಂತು, ಸುಮಾರು 14 ಅಂಶಗಳಿಂದ ಸೋತು, ಸೋಲನ್ನು ಒಪ್ಪದ ಕ್ರಿಸ್ಟಿನಾ ಕರಾಮೊ ಅವರನ್ನು ರಿಪಬ್ಲಿಕನ್ ಪಕ್ಷದ ಪ್ರತಿನಿಧಿಗಳು ಮೊನ್ನೆ ಶನಿವಾರ ರಾಜ್ಯ ಘಟಕದ ಅಧ್ಯಕ್ಷರನ್ನಾಗಿ ಆರಿಸಿದ್ದಾರೆ. ಸೋಲಿನಿಂದ ಪಕ್ಷಗಳು ಪಾಠ ಕಲಿಯುತ್ತವೆ ಎಂದು ನಾವು ಹೇಳುತ್ತಿರುತ್ತೇವೆ. ಆದರೆ ಪಕ್ಷದ ಸಭೆಗೆ ಬರುವವರಿಗೆ ಸೋಲು ನಡೆದೇ ಇಲ್ಲವಾದರೆ ಪಾಠ ಯಾವುದರಿಂದ?

ಪೀಚ್‌ನಾಡಿನವ (ಜಾರ್ಜಿಯಾ), 4 ಅಕ್ಟೋಬರ್ 2023

ನಿನ್ನೆ ಮೆಕಾರ್ತಿ ಅವರನ್ನು 216-210 ಮತಗಳಿಂದ ಕೆಳಗಿಳಿಸಲಾಯಿತು. ಅವರದೇ ಪಕ್ಷದ ಎಂಟು ಜನ ಡೆಮಾಕ್ರಟರ ಜೊತೆ ಸೇರಿದರು. ಒಬ್ಬನೇ ಸದಸ್ಯ ಎದ್ದು ನಿಂತು ಸ್ಪೀಕರ್ ಪದಚ್ಯುತಿಯ ನಿರ್ಣಯ ಮಂಡಿಸಬಹುದೆಂಬ ನಿಯಮಕ್ಕೆ ಜನವರಿಯಲ್ಲಿ ಒಪ್ಪಿಕೊಂಡೇ ಅವರು ಆ ಕುರ್ಚಿ ಪಡೆದಿದ್ದರು. ಮಧ್ಯಾವಧಿಯಲ್ಲಿ ಇನ್ನೊಂದು ಹದಿನೈದು ಸ್ಥಾನ ಬಂದಿದ್ದರೆ ಆ ಎಂಟು ಜನರ ಮಾತನ್ನು ಯಾರೂ ಕೇಳಬೇಕಿರಲಿಲ್ಲ.

ಲಾಂಗ್ ಐಲ್ಯಾಂಡ್ ಲೆಕ್ಕಿಗ (ನ್ಯೂಯಾರ್ಕ್), 16 ನವೆಂಬರ್ 2024

ಹಳೆಯ ಚರ್ಚೆಯನ್ನು ಮತ್ತೆ ತೆರೆಯುತ್ತಿದ್ದೇನೆ. ಕಟ್ಟಾ ಮತದಾರರ ಆಯ್ಕೆ ಪಕ್ಷವನ್ನು ಮುಳುಗಿಸುತ್ತದೆ ಎಂದು ಇಲ್ಲಿ ವಾದ ನಡೆದಿತ್ತು. ಅದೇ ಕಟ್ಟಾ ಮತದಾರರು ಆರಿಸಿದ ಟ್ರಂಪ್ ಜಿದ್ದಾಜಿದ್ದಿಯ ಏಳು ರಾಜ್ಯಗಳನ್ನೂ ಗೆದ್ದು ಮತ್ತೆ ಅಧ್ಯಕ್ಷರಾಗುತ್ತಿದ್ದಾರೆ. ನಿಮ್ಮ ಐದು ಪಾಲು ಎಲ್ಲಿಗೆ ಹೋಯಿತು?

ಪೀಚ್‌ನಾಡಿನವ (ಜಾರ್ಜಿಯಾ), 17 ನವೆಂಬರ್ 2024

ಅದು ಎಲ್ಲಿಗೂ ಹೋಗಿಲ್ಲ, ಈ ಸಲ ಅದರಲ್ಲಿ ಬಹುಪಾಲು ನಿಮ್ಮ ಕಡೆ ಬಂತು. ಆದರೆ ಟ್ರಂಪ್ ಅವರಿಗೆ ಬಂದಷ್ಟು ಅವರ ಪ್ರತಿಬಿಂಬಗಳಿಗೆ ಬರಲಿಲ್ಲ ಎಂಬುದನ್ನೂ ನೋಡಿ. ನಾರ್ತ್ ಕೆರೊಲಿನಾದಲ್ಲಿ ಟ್ರಂಪ್ ಗೆದ್ದರು, ಅವರು ಬೆಂಬಲಿಸಿದ ಗವರ್ನರ್ ಅಭ್ಯರ್ಥಿ ಮಾರ್ಕ್ ರಾಬಿನ್ಸನ್ ಅದೇ ದಿನ ಹದಿನೈದರ ಹತ್ತಿರದ ಅಂಶಗಳಿಂದ ಸೋತರು. ಮಿಷಿಗನ್, ವಿಸ್ಕಾನ್ಸಿನ್, ನೆವಾಡಾಗಳಲ್ಲಿ ಟ್ರಂಪ್ ಗೆದ್ದರೂ ಸೆನೆಟ್ ಸ್ಥಾನಗಳು ಡೆಮಾಕ್ರಟರಿಗೆ ಹೋದವು. ಅಧ್ಯಕ್ಷರ ಚುನಾವಣೆಗೆ ಮಾತ್ರ ಮತಗಟ್ಟೆಗೆ ಬರುವ ಜನರನ್ನು ಅವರು ಕರೆತರುತ್ತಾರೆ, ಮಧ್ಯಾವಧಿಯಲ್ಲಿ ಆ ಜನ ಬರುವುದಿಲ್ಲ. 2022ರ ನಿರಾಶೆಯಲ್ಲಿ ಇದರ ಪಾಲೂ ಇತ್ತು, ಅಂದು ನಾನು ಅದನ್ನು ಗಮನಿಸಿರಲಿಲ್ಲ.

ಮರುಭೂಮಿ ಮಲ್ಲಿಗೆ (ಅರಿಜೋನಾ), 17 ನವೆಂಬರ್ 2024

ನನ್ನ ವಾದಕ್ಕೂ ಒಂದು ಪೆಟ್ಟು ಬಿದ್ದಿದೆ, ಒಪ್ಪಿಕೊಳ್ಳುತ್ತೇನೆ. ಅರಿಜೋನಾದಲ್ಲಿ ಗರ್ಭಪಾತದ ಹಕ್ಕನ್ನು ಸಂವಿಧಾನಕ್ಕೆ ಸೇರಿಸುವ 139ನೆಯ ಪ್ರಸ್ತಾವಕ್ಕೆ ಶೇ 61ಕ್ಕೂ ಹೆಚ್ಚು ಜನ ಹೌದು ಎಂದಿದ್ದಾರೆ, ಅದೇ ಮತಪತ್ರದಲ್ಲಿ ಟ್ರಂಪ್ ಸುಮಾರು ಐದೂವರೆ ಅಂಶಗಳಿಂದ ಗೆದ್ದಿದ್ದಾರೆ. ಆ ಹಕ್ಕನ್ನು ಬೇರೆಯಾಗಿ ಕಾಯ್ದುಕೊಳ್ಳಲು ಒಂದು ಸಾಲು ಕೊಟ್ಟರೆ, ಜನ ಅಲ್ಲಿ ಗುರುತು ಹಾಕಿ, ಉಳಿದ ಸಾಲುಗಳಲ್ಲಿ ಬೆಲೆಯೇರಿಕೆಗೂ ಗಡಿಗೂ ಮತ ಹಾಕಿದರು.

ಮತ್ತು ಕ್ಯಾರಿ ಲೇಕ್ ಈ ಸಲ ಸೆನೆಟ್ಟಿಗೆ ನಿಂತು ಡೆಮಾಕ್ರಟ್ ರೂಬೆನ್ ಗಯಾಗೋ ಅವರೆದುರು ಮತ್ತೆ ಸೋತರು. ಪಕ್ಕದ ಮನೆಯ ನರ್ಸಮ್ಮ ಬೇಲಿಯ ಆಚೆಯಿಂದ ತಮ್ಮ ಮತಪತ್ರದ ವಿವರವನ್ನು ತಾವಾಗಿಯೇ ಹೇಳಿದರು: ಅಧ್ಯಕ್ಷರಿಗೆ ಟ್ರಂಪ್, ಸೆನೆಟ್ಟಿಗೆ ಗಯಾಗೋ, 139ಕ್ಕೆ ಹೌದು. ಲೇಕ್ ಈ ಸಲ ಮೆಕೇನ್ ಕುಟುಂಬದ ಜೊತೆ ರಾಜಿಗೆ ಪ್ರಯತ್ನಿಸಿದ್ದರಲ್ಲ ಎಂದು ನೆನಪಿಸಿದೆ. ಎದ್ದು ಹೋಗಿ ಎಂದದ್ದು ಅವರೇ ತಾನೆ, ನಾನು ಹೋದೆ, ಎಂದು ಹೇಳಿ ನರ್ಸಮ್ಮ ಗಿಡಕ್ಕೆ ನೀರು ಬಿಡಲು ಹೊರಟರು.